‘ಮೊದಲು ಕುಡಿತ ಬಿಟ್ಟು ಬನ್ನಿ’ ಎಂದರೆ ಸಾಲದು

“ಕುಡಿತ ಒಂದು ಬಿಟ್ಟುಬಿಟ್ಟರೆ ನನ್ನ ಮಗ ಬಂಗಾರ ಡಾಕ್ಟ್ರೇ.”

ವಾರಕ್ಕೆ ಒಮ್ಮೆಯಾದರೂ ಯಾರಾದರೊಬ್ಬ ತಾಯಿ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಹೇಳುತ್ತಾರೆ. ಹೆಂಡತಿಯಾದರೆ ‘ನನ್ನ ಮಗ’ ಎನ್ನುವಲ್ಲಿ ‘ನಮ್ಮ ಯಜಮಾನ್ರು’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಬಹಳ ಸಲ ಆ ಮಾತು ನಿಜವೂ ಹೌದು. ಕುಡಿತ ಬಿಟ್ಟ ಆರೇ ತಿಂಗಳಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಿ, ಮಗಳ ಶಾಲೆಯ ಫೀಸು ಕಟ್ಟಿ, ನನ್ನೆದುರು ನಾಚಿಕೊಂಡು ಕುಳಿತವರನ್ನು ನಾನು ಕಂಡಿದ್ದೇನೆ. ಆದರೆ ಕೆಲವು ಮನೆಗಳಲ್ಲಿ ಈ ಮಾತು ಸುಳ್ಳಾಗುತ್ತದೆ. ಕುಡಿತ ನಿಂತ ಮೇಲೆ ಮಗ ಬಂಗಾರವಾಗುವುದಿರಲಿ, “ಇದಕ್ಕಿಂತ ಕುಡಿದು ಮಲಗುತ್ತಿದ್ದಾಗಲೇ ವಾಸಿ ಇತ್ತು” ಎಂದು ಮನೆಯವರೇ ಹೇಳುವ ಸ್ಥಿತಿ ಬರುತ್ತದೆ. ಈ ವಾರ ಅಂಥ ಮನೆಗಳ ವಿಷಯ ಬರೆಯುತ್ತಿದ್ದೇನೆ. ನಾನು ಮನೋವೈದ್ಯನಲ್ಲ, ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯ. ಆದರೂ ಬರೆಯಲು ಕಾರಣವಿದೆ. ಈ ವಿಷಯದಲ್ಲಿ ನಾನೂ ತಪ್ಪು ಮಾಡಿದವನೇ.

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಒಂಬತ್ತು ಗಂಟೆ, ಕ್ಲಿನಿಕ್ಕಿನ ಶಟರ್ ಅರ್ಧ ಎಳೆದಾಗಿತ್ತು. ಇಪ್ಪತ್ತಾರು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಮತ್ತು ಭಾವ ಆಟೋದಲ್ಲಿ ಕರೆತಂದರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಎಡಗೈಗೆ ಟವೆಲ್ ಸುತ್ತಿದ್ದರು. ಅವನೇ ಮಾಡಿಕೊಂಡ ಗಾಯ. ಹೊಲಿಗೆ ಹಾಕುತ್ತಾ “ಎಷ್ಟಪ್ಪಾ ಹಾಕಿದ್ದೀಯ?” ಎಂದು ಕೇಳಿದೆ. “ಎರಡು ಕ್ವಾರ್ಟರ್ ಸಾರ್” ಎಂದ. ಐದು ಹೊಲಿಗೆ ಹಾಕಿ, ಟಿ.ಟಿ. ಇಂಜೆಕ್ಷನ್ ಕೊಟ್ಟು, ತಾಯಿಯ ಎದುರೇ ಅವನಿಗೆ ಚೆನ್ನಾಗಿ ಬೈದೆ. “ಮೊದಲು ಇವನಿಗೆ ಕುಡಿತ ಬಿಡಿಸಿ, ಉಳಿದದ್ದು ಆಮೇಲೆ ನೋಡೋಣ” ಎಂದು ಕಳಿಸಿದೆ. ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಹೊಲಿಗೆ ಹಾಕುವಾಗ ದೀಪದ ಬೆಳಕಿನಲ್ಲಿ ಅದೇ ಕೈಯ ಮೇಲೆ ಹಳೆಯ ಗೆರೆಗಳು ಕಂಡಿದ್ದವು. ಕೆಲವು ಬೆಳ್ಳಗಾಗಿ ಹೋಗಿದ್ದವು. ನೋಡಿದೆ, ಆದರೆ ಕೇಳಲಿಲ್ಲ. ಕೇಳಿದ್ದರೆ, ಅವುಗಳಲ್ಲಿ ಮೊದಲನೆಯದು ಹದಿನೈದನೆಯ ವಯಸ್ಸಿನದು, ಆಗ ಅವನು ಮದ್ಯದ ರುಚಿಯನ್ನೇ ನೋಡಿರಲಿಲ್ಲ ಎಂಬುದು ಅಂದೇ ತಿಳಿಯುತ್ತಿತ್ತು. ಅದು ನನಗೆ ತಿಳಿದದ್ದು ಒಂದೂವರೆ ವರ್ಷ ಕಳೆದ ಮೇಲೆ.

ಆ ಒಂದೂವರೆ ವರ್ಷದಲ್ಲಿ ಏನೇನಾಯಿತು ಕೇಳಿ. ಕುಡಿತ ಬಿಡಿಸುವ ಕೇಂದ್ರಕ್ಕೆ ಮೂರು ಸಲ ಸೇರಿಸಿದರು. ಪ್ರತಿ ಸಲವೂ ಮೊದಲ ವಾರ ಅವನಷ್ಟು ಒಳ್ಳೆಯ ಹುಡುಗನೇ ಇಲ್ಲ ಎಂದು ಅಲ್ಲಿಯವರು ಹೊಗಳಿದರು. ಅಲ್ಲಿದ್ದ ಆಪ್ತ ಸಲಹೆಗಾರ್ತಿಯೊಬ್ಬರನ್ನು ಅವನು ‘ದೇವರಂಥ ಅಕ್ಕ’ ಎಂದು ಹೊತ್ತು ತಿರುಗಿದ. ಅವರು ನಾಲ್ಕು ದಿನ ರಜೆ ಹಾಕಿದಾಗ ಅದೇ ಅಕ್ಕನನ್ನು ಬಾಯಿಗೆ ಬಂದಂತೆ ಬೈದು, ಕಿಟಕಿಯ ಗಾಜು ಒಡೆದ. ಶಿಸ್ತು ಮೀರಿದನೆಂದು ಹೊರಗೆ ಹಾಕಿದರು. “ಇದು ಬರೀ ಕುಡಿತ ಅಲ್ಲ, ಮನಸ್ಸಿನ ತೊಂದರೆ. ಮನೋವೈದ್ಯರಿಗೆ ತೋರಿಸಿ” ಎಂದರು. ಮನೋವೈದ್ಯರ ಬಳಿ ಹೋದರೆ, ಬಾಯಲ್ಲಿ ವಾಸನೆ ಬರುತ್ತಿದೆ, “ಮೂರು ತಿಂಗಳು ಕುಡಿತ ಬಿಟ್ಟು ಬನ್ನಿ, ಆಮೇಲೆ ಚಿಕಿತ್ಸೆ ಶುರು ಮಾಡೋಣ” ಎಂದು ಕಳಿಸಿದರು. ಮೂರು ತಿಂಗಳು ಬಿಡುವ ಶಕ್ತಿ ಅವನಿಗೆ ಇದ್ದಿದ್ದರೆ ಅವರ ಬಳಿಗೆ ಹೋಗುವ ಅಗತ್ಯವಾದರೂ ಏನಿತ್ತು?

ಕಡೆಗೆ ಒಂದು ದಿನ ಆ ತಾಯಿ ಒಬ್ಬರೇ ಬಂದು ನನ್ನೆದುರು ಕುಳಿತರು. “ಅವರು ಅಲ್ಲಿಗೆ ಹೋಗಿ ಅಂತಾರೆ, ಇವರು ಇಲ್ಲಿಗೆ ಬರಬೇಡಿ ಅಂತಾರೆ. ಅವನು ಇರೋದು ಒಬ್ಬನೇ ಅಲ್ವಾ ಡಾಕ್ಟ್ರೇ, ಅರ್ಧರ್ಧ ಮಾಡಿ ಹೇಗೆ ಕರಕೊಂಡು ಹೋಗಲಿ?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ.

ವ್ಯಕ್ತಿತ್ವ ದೋಷ ಎಂದರೇನು?

ಎಲ್ಲರಿಗೂ ಒಂದೊಂದು ಸ್ವಭಾವವಿರುತ್ತದೆ. ಒಬ್ಬ ಮುಂಗೋಪಿ, ಒಬ್ಬ ಸಂಕೋಚದ ಮುದ್ದೆ, ಒಬ್ಬ ಎಲ್ಲವನ್ನೂ ಎರಡೆರಡು ಸಲ ಎಣಿಸಿ ನೋಡುವವ. ಇವು ಕಾಯಿಲೆಗಳಲ್ಲ. ಸಂದರ್ಭ ಬಂದಾಗ ಮುಂಗೋಪಿಯೂ ನಾಲಿಗೆ ಬಿಗಿ ಹಿಡಿಯುತ್ತಾನೆ, ಸಂಕೋಚದವನೂ ನಾಲ್ಕು ಜನರೆದುರು ಮಾತಾಡುತ್ತಾನೆ. ಆದರೆ ಕೆಲವರಲ್ಲಿ ತಮ್ಮನ್ನು ತಾವು ನೋಡಿಕೊಳ್ಳುವ ರೀತಿ, ಇತರರೊಡನೆ ನಡೆದುಕೊಳ್ಳುವ ರೀತಿ ಹದಿಹರೆಯದಿಂದಲೇ ಒಂದು ಅಚ್ಚಿನಲ್ಲಿ ಗಟ್ಟಿಯಾಗಿ ಬಿಟ್ಟಿರುತ್ತದೆ. ಮನೆಯಲ್ಲಿ, ಕೆಲಸದಲ್ಲಿ, ಸ್ನೇಹದಲ್ಲಿ, ಎಲ್ಲೆಡೆಯೂ ಅದೇ ಅಚ್ಚು. ತಮಗೂ ನೋವು, ಜೊತೆಯವರಿಗೂ ನೋವು. ವರ್ಷಾನುಗಟ್ಟಲೆ ಹೀಗೇ ನಡೆದಾಗ ಅದನ್ನು ವ್ಯಕ್ತಿತ್ವ ದೋಷ ಎನ್ನುತ್ತಾರೆ. ‘ದೋಷ’ ಎಂಬ ಶಬ್ದ ನನಗೆ ಹಿಡಿಸದು. ಕೇಳಿದವರಿಗೆ ಅದು ಬೈಗುಳದಂತೆ, ಜಾತಕದ ದೋಷದಂತೆ ಕೇಳಿಸುತ್ತದೆ. ಕನ್ನಡದಲ್ಲಿ ಅದೇ ಬಳಕೆಗೆ ಬಂದಿರುವುದರಿಂದ ಬಳಸುತ್ತಿದ್ದೇನೆ.

ಇದರಲ್ಲಿ ಬಗೆಗಳು ಹಲವು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗ ವರ್ಗೀಕರಣವು ಹಳೆಯ ಹೆಸರುಗಳಲ್ಲಿ ಹೆಚ್ಚಿನವನ್ನು ಬದಿಗಿಟ್ಟು, ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂಬುದನ್ನು ಮೊದಲು ನೋಡಿ ಎನ್ನುತ್ತದೆ. ಕುಡಿತದ ಜೊತೆ ಹೆಚ್ಚಾಗಿ ಕಾಣಸಿಗುವುದು ಎರಡು ಬಗೆ. ಒಂದು, ಆ ಹುಡುಗನಿಗಿದ್ದ ‘ಬಾರ್ಡರ್‌ಲೈನ್’ ಎಂಬುದು. ಭಾವನೆಗಳು ಹಾಲುಕ್ಕಿದಂತೆ ಉಕ್ಕುತ್ತವೆ, ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಎಲ್ಲರೂ ತನ್ನನ್ನು ಬಿಟ್ಟು ಹೋಗುತ್ತಾರೆಂಬ ಹೆದರಿಕೆ. ಇಂದು ದೇವರಾದವರು ನಾಳೆ ಶತ್ರುಗಳು. ಒಳಗೆಲ್ಲ ಖಾಲಿ ಖಾಲಿ ಎಂಬ ಭಾವನೆ, ತನ್ನನ್ನೇ ಗಾಯ ಮಾಡಿಕೊಳ್ಳುವುದು. ಇದು ಹೆಂಗಸರ ಕಾಯಿಲೆ ಎಂಬ ಭಾವನೆ ವೈದ್ಯರಲ್ಲೂ ಇದೆ, ಹಾಗಾಗಿ ಗಂಡಸರಲ್ಲಿ ಅದನ್ನು ಬರೀ ‘ಕೊಬ್ಬು’ ಎಂದು ತಳ್ಳಿಹಾಕುತ್ತೇವೆ. ಇನ್ನೊಂದು ‘ಸಮಾಜವಿರೋಧಿ’ ಬಗೆ. ಹದಿನೈದು ತುಂಬುವ ಮೊದಲೇ ಕಳ್ಳತನ, ಹೊಡೆದಾಟ, ಶಾಲೆ ತಪ್ಪಿಸುವುದು ಇವೆಲ್ಲ ಇದ್ದು, ದೊಡ್ಡವರಾದ ಮೇಲೂ ಕಾಯಿದೆಯ ಭಯವಿಲ್ಲ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಇವರಲ್ಲದೆ, ನಾಲ್ಕು ಜನರ ನಡುವೆ ಬಾಯಿ ಬಿಡಬೇಕಾದರೂ ಒಂದು ನೈಂಟಿ ಬೇಕೇ ಬೇಕು ಎನ್ನುವ ಅತಿ ಅಂಜಿಕೆಯವರೂ ಇದ್ದಾರೆ. ಅವರು ಗಲಾಟೆ ಮಾಡುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಕುಡಿಯುವವರಿಗೆಲ್ಲ ವ್ಯಕ್ತಿತ್ವ ದೋಷವಿದೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ 2001-02ರಲ್ಲಿ ಸುಮಾರು 43,000 ಜನರನ್ನು ಸಂದರ್ಶಿಸಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಕುಡಿತದ ಕಾಯಿಲೆ ಇದ್ದವರಲ್ಲಿ ಶೇಕಡಾ 28.6 ಮಂದಿಗೆ, ಮಾದಕ ವಸ್ತುಗಳ ಚಟವಿದ್ದವರಲ್ಲಿ ಶೇಕಡಾ 47.7 ಮಂದಿಗೆ ಯಾವುದಾದರೊಂದು ವ್ಯಕ್ತಿತ್ವ ದೋಷವಿದ್ದುದು ಅದರಲ್ಲಿ ಕಂಡುಬಂತು. ಅದು ಅವರ ದೇಶದ ಲೆಕ್ಕ, ನಮ್ಮಲ್ಲಿ ಅಷ್ಟೇ ಇರಬೇಕೆಂದಿಲ್ಲ. ಆದರೆ ಎರಡೂ ಜೊತೆಯಾಗಿ ಬರುವುದು ಅಪರೂಪವಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದಕ್ಕೊಂದು ಗಂಟು

ಎರಡೂ ಏಕೆ ಜೊತೆಯಾಗುತ್ತವೆ? ಆ ಹುಡುಗನೇ ನನಗೆ ಹೇಳಿದ ರೀತಿಯಲ್ಲಿ ಹೇಳುತ್ತೇನೆ. “ಎದೆ ಒಳಗೆ ಬೆಂಕಿ ಬಿದ್ದ ಹಾಗೆ ಆಗುತ್ತೆ ಸಾರ್. ಒಂದು ಕ್ವಾರ್ಟರ್ ಇಳಿಸಿದರೆ ಕಾಲು ಗಂಟೆಯಲ್ಲಿ ಆರುತ್ತೆ. ನಿಮ್ಮ ಯಾವ ಮಾತ್ರೆ ಅಷ್ಟು ಬೇಗ ಕೆಲಸ ಮಾಡುತ್ತೆ ಹೇಳಿ.”

ಅವನು ಹೇಳಿದ್ದು ಸರಿ. ಮದ್ಯ ಮಿದುಳಿನ ಉದ್ವೇಗವನ್ನು ಬೇಗ ತಗ್ಗಿಸುತ್ತದೆ. ಭಾವನೆಗಳನ್ನು ತಾನಾಗಿ ಇಳಿಸಿಕೊಳ್ಳಲು ಬಾರದವನಿಗೆ ಅದು ಔಷಧಿಯಂತೆಯೇ ತೋರುತ್ತದೆ. ತೊಂದರೆ ಇರುವುದು ಮುಂದೆ. ಮದ್ಯ ಉದ್ವೇಗದ ಜೊತೆಗೆ ಮಿದುಳಿನ ಬ್ರೇಕನ್ನೂ ಸಡಿಲಿಸುತ್ತದೆ. ಬಾಯಿಗೆ ಬರಬಾರದ ಮಾತು ಬರುತ್ತದೆ, ಕೈ ಏಳುತ್ತದೆ. ನಿಶೆ ಇಳಿಯುವಾಗ ಮಿದುಳು ಮೊದಲಿಗಿಂತ ಹೆಚ್ಚು ಕೆರಳುತ್ತದೆ. ನಡುಕ, ನಿದ್ದೆಗೇಡಿತನ, ಸಣ್ಣದಕ್ಕೂ ಸಿಡಿಮಿಡಿ. ಬೆಳಗಾದರೆ ರಾತ್ರಿ ಮಾಡಿದ್ದಕ್ಕೆ ನಾಚಿಕೆ. ಮನೆಯವರು ಮಾತು ಬಿಟ್ಟಿರುತ್ತಾರೆ, ‘ಎಲ್ಲರೂ ನನ್ನನ್ನು ಬಿಟ್ಟರು’ ಎಂಬ ಹಳೆಯ ಹೆದರಿಕೆಗೆ ಅದೇ ಸಾಕ್ಷಿಯಾಗುತ್ತದೆ. ಮತ್ತೆ ಎದೆಯಲ್ಲಿ ಬೆಂಕಿ. ಮತ್ತೆ ಕ್ವಾರ್ಟರ್.

ಈ ಗಂಟು ಎರಡೂ ಕಡೆಯಿಂದ ಬಿಗಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಮೇಲೆ ಹೇಳಿದ ಅಮೆರಿಕದ ಸಮೀಕ್ಷೆಯಲ್ಲಿ ಮೂರು ವರ್ಷದ ನಂತರ ಅದೇ ಜನರನ್ನು ಮತ್ತೆ ಸಂದರ್ಶಿಸಿದಾಗ, ಬಾರ್ಡರ್‌ಲೈನ್ ಅಥವಾ ಸಮಾಜವಿರೋಧಿ ಬಗೆಯ ವ್ಯಕ್ತಿತ್ವ ಇದ್ದವರಲ್ಲಿ ಕುಡಿತದ ಕಾಯಿಲೆ ಹಾಗೇ ಮುಂದುವರಿದಿರುವ ಸಂಭವ ಹೆಚ್ಚಾಗಿತ್ತು. ಇನ್ನೊಂದು ಕಡೆಯಿಂದ ನೋಡಿ. ಬಾಸ್ಟನ್ ಬಳಿಯ ಮ್ಯಾಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ಎಂಬ ಸಂಶೋಧಕಿ ಮತ್ತು ಅವರ ತಂಡ ಬಾರ್ಡರ್‌ಲೈನ್ ತೊಂದರೆಯಿದ್ದ 290 ರೋಗಿಗಳನ್ನು ಎರಡೆರಡು ವರ್ಷಕ್ಕೊಮ್ಮೆ ಭೇಟಿಯಾಗುತ್ತಾ ಬಂದರು. ಆರು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಯಾರಿಗೆ ಕುಡಿತ ಮತ್ತು ಮಾದಕ ವಸ್ತುಗಳ ತೊಂದರೆ ಇಲ್ಲವೋ ಅವರು ಬೇಗ ಚೇತರಿಸಿಕೊಂಡಿದ್ದರು. ಖಿನ್ನತೆಯಂಥ ಬೇರೆ ಕಾಯಿಲೆಗಳು ಇರುವುದಕ್ಕಿಂತ, ಇಲ್ಲದಿರುವುದಕ್ಕಿಂತ ಇದೊಂದು ಅಂಶವೇ ಚೇತರಿಕೆಯನ್ನು ಹೆಚ್ಚು ಬಲವಾಗಿ ಸೂಚಿಸುತ್ತಿತ್ತು. ಅದೇ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2010ರಲ್ಲಿ ಬಂದಾಗ, ಶೇಕಡಾ 93 ಮಂದಿಗೆ ಕನಿಷ್ಠ ಎರಡು ವರ್ಷ ಕಾಲವಾದರೂ ಕಾಯಿಲೆಯ ಲಕ್ಷಣಗಳು ಶಮನಗೊಂಡಿದ್ದವು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಇಂಥವರ ಮನೆಯಲ್ಲಿ ಆಡುವ ಮೊದಲು ಈ ಅಂಕಿಯನ್ನು ನೆನಪಿಸಿಕೊಳ್ಳಿ.

ಹಾಗಾದರೆ ಯಾವುದನ್ನು ಮೊದಲು ಗುಣಪಡಿಸಬೇಕು? ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ‘ಮೊದಲು ಕುಡಿತ ಬಿಡಲಿ’ ಎನ್ನುವವರು, ಬಿಟ್ಟ ಮೇಲೆ ಎದೆಯ ಬೆಂಕಿಗೆ ಅವನು ಏನು ಮಾಡಬೇಕೆಂದು ಹೇಳುವುದಿಲ್ಲ. ‘ಮೂಲ ಮನಸ್ಸಿನದು, ಅದು ಸರಿಹೋದರೆ ಕುಡಿತ ತಾನಾಗಿ ಬಿಡುತ್ತಾನೆ’ ಎನ್ನುವವರು, ದಿನಕ್ಕೆ ಎರಡು ಕ್ವಾರ್ಟರ್ ಹಾಕುವವನ ತಲೆಗೆ ಯಾವ ಉಪದೇಶವೂ ನಿಲ್ಲದೆಂಬುದನ್ನು ಮರೆಯುತ್ತಾರೆ. ಸಕ್ಕರೆ ಕಾಯಿಲೆಯೂ ಕ್ಷಯವೂ ಒಟ್ಟಿಗೆ ಇರುವವರು ನನ್ನಲ್ಲಿಗೆ ಬರುತ್ತಾರೆ. ಕ್ಷಯ ವಾಸಿಯಾಗಲಿ, ಆಮೇಲೆ ಸಕ್ಕರೆ ನೋಡೋಣ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಸಕ್ಕರೆ ಇಳಿಯದೆ ಕ್ಷಯ ಮಣಿಯದು ಎಂದು ನಮಗೆ ಗೊತ್ತು. ಆ ಜಾಣತನ ಮನಸ್ಸಿನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೋ!

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಬಹಳ ದಿನದಿಂದ ಪ್ರತಿದಿನ ಕುಡಿಯುವವರು ಮನೆಯಲ್ಲೇ ದಿಢೀರನೆ ನಿಲ್ಲಿಸುವುದು ಅಪಾಯ. ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಸನ್ನಿ ಹಿಡಿದಂತೆ ಏನೇನೋ ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಪ್ರಾಣಕ್ಕೂ ಕುತ್ತು. ಆದ್ದರಿಂದ ಮೊದಲ ವಾರ ಹತ್ತು ದಿನ ವೈದ್ಯರ ಕಣ್ಣಳತೆಯಲ್ಲಿ, ಬಿ1 ಜೀವಸತ್ವ (ಥಯಮಿನ್) ಮತ್ತು ಶಮನಕಾರಿ ಔಷಧಿಗಳೊಂದಿಗೆ ನಿಲ್ಲಿಸಬೇಕು. “ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಹಾಕಿ” ಎಂದು ನಮ್ಮಂಥವರನ್ನು ಒತ್ತಾಯಿಸಬೇಡಿ. ಕುಡಿತದವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸುವುದು ಮಿದುಳಿಗೆ ಹಾನಿ ಮಾಡೀತು. ಈ ಹತ್ತು ದಿನ ‘ಮೊದಲು’ ಎನ್ನುವುದು ಸರಿ. ಮೂರು ತಿಂಗಳ ‘ಮೊದಲು’ ಸರಿಯಲ್ಲ.

ಎರಡನೆಯದು, ಹಣೆಪಟ್ಟಿಯ ವಿಷಯ. ಕುಡಿತದಲ್ಲಿ ಮುಳುಗಿದವನು ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ, ರೇಗುತ್ತಾನೆ, ಅಳುತ್ತಾನೆ. ಇದನ್ನು ನೋಡಿ ಎರಡನೆಯ ದಿನವೇ ವ್ಯಕ್ತಿತ್ವ ದೋಷ ಎಂದು ಬರೆದರೆ ಅನ್ಯಾಯವಾದೀತು. ಕೆಲವು ವಾರ ನಿಶೆಯಿಲ್ಲದೆ ಕಳೆದ ಮೇಲೆ ಇವುಗಳಲ್ಲಿ ಎಷ್ಟೋ ತಾವಾಗಿ ಉದುರಿ ಹೋಗುತ್ತವೆ. ಬಲ್ಲ ವೈದ್ಯರು ನಿಮ್ಮನ್ನು ಕೇಳುವ ಪ್ರಶ್ನೆ ಬೇರೆ: ಕುಡಿತ ಶುರುವಾಗುವ ಮೊದಲು, ಹದಿನಾಲ್ಕು ಹದಿನೈದರಲ್ಲಿ ಹೇಗಿದ್ದ? ನಡುವೆ ಬಿಟ್ಟಿದ್ದ ತಿಂಗಳುಗಳಲ್ಲಿ ಹೇಗಿದ್ದ? ಇದಕ್ಕೆ ಉತ್ತರ ನಿಮ್ಮಲ್ಲಿದೆ, ವೈದ್ಯರಲ್ಲಿಲ್ಲ. ಹೋಗುವ ಮೊದಲು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಸರಿಡಲು ಕಾಯಬಹುದು. ಸಹಾಯಕ್ಕೆ ಕಾಯಿಸಬಾರದು.

ಚಿಕಿತ್ಸೆ ಹೇಗಿರುತ್ತದೆ?

ಬಾರ್ಡರ್‌ಲೈನ್ ತೊಂದರೆಗೆ ಮಾತಿನ ಚಿಕಿತ್ಸೆಯೇ ಮುಖ್ಯ. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲೀನಹನ್ ರೂಪಿಸಿದ ‘ಡಿ.ಬಿ.ಟಿ.’ ಎಂಬ ವಿಧಾನ. ಅವರ ಪುಸ್ತಕ ಬಂದದ್ದು 1993ರಲ್ಲಿ. ತಾವೇ ಹರೆಯದಲ್ಲಿ ಮನೋರೋಗದ ಆಸ್ಪತ್ರೆಯಲ್ಲಿ ದಾಖಲಾಗಿದ್ದವರು, ತಮ್ಮ ಕೈಯನ್ನೂ ಗಾಯ ಮಾಡಿಕೊಂಡವರು ಎಂಬುದನ್ನು ಅವರು 2011ರಲ್ಲಿ ಬಹಿರಂಗವಾಗಿ ಹೇಳಿದರು. ವಾರಕ್ಕೊಮ್ಮೆ ಒಬ್ಬರೊಡನೆ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ನಡುವೆ ಕಷ್ಟ ಬಂದಾಗ ಒಂದು ಫೋನು. ಪಾಠವೆಂದರೆ ನೀತಿಬೋಧೆಯಲ್ಲ. ಎದೆಯಲ್ಲಿ ಬೆಂಕಿ ಎದ್ದ ಹತ್ತು ನಿಮಿಷವನ್ನು ಯಾವುದನ್ನೂ ಹಾಳುಮಾಡದೆ ದಾಟುವುದು ಹೇಗೆ ಎಂಬ ಅಭ್ಯಾಸ. ಈಜು ಕಲಿಸಿದಂತೆ.

1999ರಲ್ಲಿ ಲೀನಹನ್ ಮತ್ತು ಸಂಗಡಿಗರು ಬಾರ್ಡರ್‌ಲೈನ್ ಜೊತೆಗೆ ಮಾದಕ ವಸ್ತುಗಳ ಚಟವೂ ಇದ್ದ ಮಹಿಳೆಯರಿಗೆ ಇದೇ ಚಿಕಿತ್ಸೆಯನ್ನು ಹೊಂದಿಸಿ ಪರೀಕ್ಷಿಸಿದರು. ಎರಡಕ್ಕೂ ಒಂದೇ ಕಡೆ, ಒಂದೇ ತಂಡದಿಂದ ಚಿಕಿತ್ಸೆ. ಬೇರೆ ಕಡೆ ಮಾಮೂಲಿನ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಚಟ ಹೆಚ್ಚು ಇಳಿಯಿತು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರೂ ಕಡಿಮೆ. ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. ಗುರಿ ಪೂರ್ತಿ ಬಿಡುವುದೇ, ಅದರಲ್ಲಿ ರಾಜಿಯಿಲ್ಲ. ಆದರೆ ನಡುವೆ ಒಂದು ದಿನ ಜಾರಿದರೆ ಹೊರಗೆ ಹಾಕುವುದಿಲ್ಲ. ಹೇಗೆ ಜಾರಿದೆ, ಯಾವ ಹೊತ್ತಿನಲ್ಲಿ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೂತು ಲೆಕ್ಕ ಹಾಕಿ, ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಸಕ್ಕರೆ ರೋಗಿ ಮದುವೆ ಮನೆಯಲ್ಲಿ ಹೋಳಿಗೆ ತಿಂದು ಬಂದರೆ ನಾನು ಅವರನ್ನು ಕ್ಲಿನಿಕ್ಕಿನಿಂದ ಓಡಿಸುತ್ತೇನೆಯೇ?

ಈ ಚಿಕಿತ್ಸೆ ಬೆಂಗಳೂರಿನಂಥ ಕೆಲವು ಊರುಗಳಲ್ಲಿ ಬಿಟ್ಟರೆ ಸುಲಭವಾಗಿ ಸಿಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೆಸರಾಂತ ವಿಧಾನವೇ ಸಿಗಬೇಕೆಂದಿಲ್ಲ. ಒಬ್ಬರೇ ವೈದ್ಯರು, ನಿಗದಿಯಾದ ದಿನ, ಕುಡಿತಕ್ಕೂ ಮನಸ್ಸಿಗೂ ಒಂದೇ ಫೈಲು, ಜಾರಿ ಬಿದ್ದಾಗಲೂ ಮುಚ್ಚದ ಬಾಗಿಲು, ಇಷ್ಟಿದ್ದರೆ ಸಣ್ಣ ಊರಿನಲ್ಲೂ ಬಹಳಷ್ಟು ಆಗುತ್ತದೆ. ಆರೋಗ್ಯ ಇಲಾಖೆಯ ಉಚಿತ ದೂರವಾಣಿ ‘ಟೆಲಿ ಮಾನಸ್’ 14416 ಸಂಖ್ಯೆಯಲ್ಲಿ 2022ರಿಂದ ಕೆಲಸ ಮಾಡುತ್ತಿದೆ. ಕನ್ನಡದಲ್ಲೇ ಮಾತಾಡಬಹುದು. ಕುಡಿತ, ಮಾದಕ ವಸ್ತುಗಳಿಗೆಂದೇ 14446 ಇದೆ.

ಸಮಾಜವಿರೋಧಿ ಬಗೆಯವರಿಗೆ ಚಿಕಿತ್ಸೆ ನಾಟುವುದೇ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಸ್ವಭಾವ ಅಷ್ಟಾಗಿ ಬದಲಾಗದಿದ್ದರೂ ಕುಡಿತ ಇಳಿಯಬಹುದು. ಕುಡಿತ ಇಳಿದರೆ ಮನೆಯಲ್ಲಿ ಹೊಡೆತ ಬಡಿತವೂ ಕಡಿಮೆಯಾಗುವ ಸಂಭವವಿದೆ.

ಔಷಧಿಗಳ ವಿಷಯ ಚುಟುಕಾಗಿ. ವ್ಯಕ್ತಿತ್ವ ದೋಷವನ್ನೇ ಗುಣಪಡಿಸುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಕುಡಿಯುವ ಚಡಪಡಿಕೆ ತಗ್ಗಿಸಲು ಒಳ್ಳೆಯ ಮಾತ್ರೆಗಳಿವೆ, ವೈದ್ಯರು ಆರಿಸಿ ಕೊಡುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದು ‘ನಿದ್ದೆಗೆ’ ನುಂಗಿಸುವ ಅಲ್ಪ್ರಜೋಲಾಂ ಜಾತಿಯ ಮಾತ್ರೆಗಳು ಇಂಥವರಿಗೆ ಎರಡನೆಯ ಚಟವಾಗುತ್ತವೆ. ಕೆಲವರಲ್ಲಿ ಬ್ರೇಕನ್ನು ಇನ್ನಷ್ಟು ಸಡಿಲಿಸುತ್ತವೆ. ಇನ್ನು ಸಾರಿನಲ್ಲಿ, ಕಾಫಿಯಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’. ಡೈಸಲ್ಫಿರಾಂ ಎಂಬ ಔಷಧಿಯನ್ನು ತೆಗೆದುಕೊಂಡವರು ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗೆ ಮಾತ್ರ ಅದು ಔಷಧಿ. ಅದೂ ಅಲ್ಲದೆ, ‘ಎಲ್ಲರೂ ನನಗೆ ಮೋಸ ಮಾಡುತ್ತಾರೆ’ ಎಂದು ನಂಬಿದವನಿಗೆ ತಾಯಿಯೇ ಕಾಫಿಯಲ್ಲಿ ಮದ್ದು ಬೆರೆಸಿದ್ದು ತಿಳಿದರೆ ಮುಂದೆ ಯಾರನ್ನು ನಂಬಿಯಾನು?

ಮನೆಯವರು ಮಾಡಬಹುದಾದದ್ದು ಇದೆ, ಮಾಡಲಾಗದ್ದೂ ಇದೆ. ಕುಡಿದಿರುವಾಗ ವಾದ ಬೇಡ, ಲೆಕ್ಕಾಚಾರ ಬೆಳಿಗ್ಗೆ. ಹಣ ಕೊಡುವುದಿಲ್ಲ ಎಂದರೆ ಕೊಡಬಾರದು, ಬಾಗಿಲು ತೆರೆದಿರುತ್ತದೆ ಎಂದರೆ ತೆರೆದಿರಬೇಕು. ಒಂದು ದಿನ ಹೊಡೆದು, ಮರುದಿನ ಅತ್ತು ನೂರು ರೂಪಾಯಿ ಕೊಡುವ ಮನೆಯಲ್ಲಿ ಅವನ ಕಾಯಿಲೆ ಬಲಿಯುತ್ತದೆ. “ಸಾಯ್ತೀನಿ” ಎಂಬ ಮಾತನ್ನು ನಾಟಕ ಎನ್ನಬೇಡಿ, ಹತ್ತನೆಯ ಸಲ ಹೇಳಿದಾಗಲೂ ಬೇಡ. ಹೊಲಕ್ಕೆ ಹೊಡೆಯುವ ಔಷಧಿ, ಅಜ್ಜಿಯ ಮಾತ್ರೆ ಡಬ್ಬಿ ಬೀಗದೊಳಗಿರಲಿ, ಬೀಗದ ಕೈ ನಿಮ್ಮಲ್ಲಿರಲಿ. ಆ ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ. ಹಾಗೆಂದು ಹೊಡೆತ ತಿಂದು ಸಹಿಸಬೇಕು ಎಂದಲ್ಲ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಕಾಯಿಲೆ ಎಂಬುದು ಹೊಡೆಯಲು ಪರವಾನಗಿಯಲ್ಲ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಸಲಹೆ ಕೊಡುವ ಬಂಧುಗಳು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನೀವು ಹುಡುಕುತ್ತಿರುವುದು ಸೊಸೆಯನ್ನೋ, ಸಂಬಳವಿಲ್ಲದ ನರ್ಸನ್ನೋ ಎಂದು ಅವರನ್ನು ಕೇಳಿ ನೋಡಿ. ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಈ ಚಿಕಿತ್ಸೆಯಿಂದ ಗುಣವಾದವರನ್ನು ಕಂಡಿಲ್ಲ. ಹಾಳಾದ ಹೆಣ್ಣುಮಕ್ಕಳ ಬಾಳನ್ನು ಕಂಡಿದ್ದೇನೆ.

ಆದರೆ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆ ಒಬ್ಬ, ಇದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಬಾಗಿಲಿಗೆ ಬಂದಾಗ ‘ನೀನು ಈ ಬಾಗಿಲಿನವನಲ್ಲ’ ಎನ್ನುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾಯಿದೆಯೇ ಒಂದು ಮಾಡಿದ್ದನ್ನು ಆಸ್ಪತ್ರೆಗಳು ಎರಡಾಗಿ ಹಂಚಿಕೊಳ್ಳುವುದು ಯಾವ ನ್ಯಾಯ? ಕುಡಿತ ಬಿಡಿಸುವ ಪ್ರತಿ ಕೇಂದ್ರಕ್ಕೂ ವಾರಕ್ಕೆ ಎರಡು ದಿನವಾದರೂ ಮನಶ್ಶಾಸ್ತ್ರಜ್ಞರು ಬರಬೇಕು. ಪ್ರತಿ ಮನೋವೈದ್ಯಕೀಯ ಹೊರರೋಗಿ ವಿಭಾಗದಲ್ಲೂ ಕುಡಿತಕ್ಕೆ ಚಿಕಿತ್ಸೆ ಸಿಗಬೇಕು. ಸೇರಿಸುವ ಮೊದಲು ನೀವೂ ಕೇಂದ್ರದವರನ್ನು ಕೇಳಿ: ನೋಂದಣಿ ಇದೆಯೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಬಿಡುಗಡೆಯ ನಂತರ ಯಾರನ್ನು ಕಾಣಬೇಕು? ಕಟ್ಟಿಹಾಕುವ, ಹೊಡೆಯುವ ಜಾಗವಾದರೆ ಅಂದೇ ವಾಪಸು ಕರೆತನ್ನಿ. ಮತ್ತು ನಮ್ಮಂಥ ಸಾಮಾನ್ಯ ವೈದ್ಯರು? ನಾನು ಓದುವಾಗ ಮನೋವೈದ್ಯಕೀಯ ವಿಭಾಗದಲ್ಲಿ ಕಳೆದದ್ದು ಎರಡು ವಾರ. ಅಷ್ಟರಲ್ಲಿ ಕಲಿಯಲಾಗಲಿಲ್ಲ ಎಂಬುದು ನಿಜ. ಆದರೆ ಕೈಯ ಮೇಲಿನ ಹಳೆಯ ಗೆರೆ ಕಂಡಾಗ “ಇದು ಯಾವಾಗಿನದಪ್ಪಾ?” ಎಂದು ಕೇಳಲು ಎಂ.ಡಿ. ಬೇಕಾಗಿಲ್ಲ.

ಆ ಹುಡುಗನ ಕತೆ ಕೇಳುತ್ತೀರೆಂದು ಗೊತ್ತು. ಜಿಲ್ಲಾಸ್ಪತ್ರೆಯಲ್ಲಿ ಆಗ ಬಂದಿದ್ದ ಕಿರಿಯ ಮನೋವೈದ್ಯೆಯೊಬ್ಬರು ಬಾಯಲ್ಲಿ ವಾಸನೆ ಬರುತ್ತಿದ್ದಾಗಲೇ ಅವನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿದರು. ಹತ್ತು ದಿನ ದಾಖಲು ಮಾಡಿಕೊಂಡರು. ಆಮೇಲೆ ಪ್ರತಿ ಗುರುವಾರ. ಅವರು ರಜೆ ಹಾಕುವುದಾದರೆ ಎರಡು ವಾರ ಮೊದಲೇ ಅವನಿಗೆ ಹೇಳುತ್ತಿದ್ದರು, ಆ ವಾರ ನನ್ನಲ್ಲಿಗೆ ಕಳಿಸುತ್ತಿದ್ದರು. ಮೊದಲ ವರ್ಷ ಲೆಕ್ಕವಿಲ್ಲದಷ್ಟು ಸಲ ಜಾರಿದ. ಕಳೆದ ವರ್ಷ ನಾಲ್ಕು ಸಲ. ಎರಡು ವರ್ಷದಿಂದ ನಾನು ಅವನಿಗೆ ಹೊಲಿಗೆ ಹಾಕಿಲ್ಲ. ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಹದಿನಾಲ್ಕು ತಿಂಗಳಿಂದ ಇದ್ದಾನೆ. ಅದಕ್ಕೆ ಮೊದಲು ಯಾವ ಕೆಲಸದಲ್ಲೂ ಐದು ತಿಂಗಳು ನಿಂತವನಲ್ಲ.

ತಾಯಿ ಈಗ ನನ್ನಲ್ಲಿಗೆ ಬರುವುದು ತಮ್ಮ ಸಕ್ಕರೆ ಕಾಯಿಲೆಗೆ. ಮೊನ್ನೆ ಬಂದವರು, ಇನ್ನು ಹೆಣ್ಣು ನೋಡಬಹುದೇ ಎಂದು ಮೆಲ್ಲಗೆ ಕೇಳಿದರು. ಅವನನ್ನೇ ಕೇಳಿ ಅಮ್ಮಾ ಎಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವನು ಒಳಗೆ ಬಂದು, “ಇನ್ನೆರಡು ವರ್ಷ ಬೇಡ ಸಾರ್. ಅಮ್ಮನಿಗೆ ನೀವೇ ಸ್ವಲ್ಪ ಹೇಳಿ” ಎಂದ. ಹೇಳಿದ್ದೇನೆ.